ಮಂದಿ ಬಿಟ್ಟ ಬ್ಯಾಟು ನಮಗ ಯಾಕ?

ನಮ್ಮ ವೈನಿ ಬ್ಯಾಡ್ಮಿಂಟನ್ ಬಿಟ್ಟು ಇವತ್ತಿಗೆ ಹದಿನೆಂಟು ದಿವಸ ಆತು. ಬಿಟ್ಟೆ ಅಂತ ಅವ್ರು ಯಾರಿಗೂ ಹೇಳ್ಲಿಲ್ಲ. ಮೊದಲ ದಿವಸ ಬರ್ಲಿಲ್ಲ, ಮನೀಗೆ ಮಂದಿ ಬಂದಿರಬೇಕು ಅನ್ಕೊಂಡ್ವಿ. ಮರುದಿವಸ ಏಕಾದಶಿ ಇತ್ತು, ಉಪವಾಸ ಇರಬೇಕು ಅನ್ಕೊಂಡ್ವಿ. ನಾಲ್ಕನೇ ದಿವಸ ನಾನ ಎದ್ದು ಅವ್ರ ಮನೀಗೆ ಹೋದೆ. ಅಡಗಿಮನ್ಯಾಗ ನಿಂತು ಎಡಗೈಲೆ ಚಪಾತಿ ಹಿಟ್ಟು ನಾದಲಿಕ್ಕೆ ಹತ್ತಿದ್ರು. ಬಲಗೈ ಮೊಳಕೈಗೆ ಪಟ್ಟಿ ಸುತ್ತಿತ್ತು. ಏನಾತು ವೈನಿ ಅಂದ್ರ, "ಡಾಕ್ಟ್ರು ಟೆನಿಸ್ ಎಲ್ಬೋ ಅಂದ್ರವಾ. ಟೆನಿಸ್ ಹೆಂಗಿರ್ತದ ಅಂತ ನಾ ಟಿವ್ಯಾಗ ಬಿಟ್ಟು ಎಲ್ಲೂ ನೋಡಿಲ್ಲ" ಅಂತ ನಕ್ರು. ನಗು ಅರ್ಧಕ್ಕ ನಿಂತು, "ಸಾಕು ಬಿಡು, ನಮಗೆಲ್ಲಾ ಈ ವಯಸ್ಸಿನ್ಯಾಗ ಆಟ ಯಾಕ" ಅಂದ್ರು.

ಆ ಕಡೀ ಮಾತು ಕೇಳಿ ನನಗ ಸಿಟ್ಟು ಬಂತು. ವೈನಿ ಮ್ಯಾಲೆ ಅಲ್ಲ. ಪಡಸಾಲಿ ಮೂಲ್ಯಾಗ ನಿಂತಿತ್ತಲ್ಲ ಆ ಬ್ಯಾಟಿನ ಮ್ಯಾಲೆ. ಆ ಸಿಟ್ಟಿನ್ಯಾಗನ ಇದನ್ನ ಬರಿಯಾಕತ್ತೀನಿ, ಮಾತು ಖಾರ ಆದ್ರ ಹೊಟ್ಟ್ಯಾಗ ಹಾಕೋರಿ.

ಆ ಬ್ಯಾಟು ವೈನಿ ಮಗಂದು. ಅಂವ ಕಾಲೇಜಿನ ಟೀಮಿನ್ಯಾಗ ಸಿಂಗಲ್ಸ್ ಆಡ್ತಿದ್ದ. ಆರಡಿ ಎತ್ತರ, ಹೊಡದ್ರ ಶಟಲ್ ನೆಲಕ್ಕ ಬಿದ್ದ ಮ್ಯಾಲನ ಸಪ್ಪಳ ಕೇಳ್ತದ. ಹೊಸಾ ಬ್ಯಾಟು ತಗೊಂಡಾಗ ಹಳೇದನ್ನ ಅವ್ವಗ ಕೊಟ್ಟ. "ಅವ್ವಾ, ಇದು ಹತ್ತು ಸಾವಿರದ್ದದ, ನಿಮ್ಮ ಗುಂಪಿನ್ಯಾಗ ಯಾರ ಕಡೆನೂ ಇಂಥಾದ್ದಿಲ್ಲ" ಅಂದ. ಹುಡುಗ ಪ್ರೀತಿಲೇನ ಕೊಟ್ಟಾನ, ಅವನ ತಪ್ಪು ಅಂತ ನಾ ಅನ್ನೂದಿಲ್ಲ. ವೈನಿನೂ ಹೆಮ್ಮಿಲೇನ ತಂದ್ರು. ನಾವೆಲ್ಲಾ ಕೈಯಾಗ ಹಿಡದು ಹಿಡದು ನೋಡಿದ್ವಿ. ತಲಿಕಡೆ ವಜ್ಜ, ದಂಡು ಅಂದ್ರ ಕಬ್ಬಿಣದ ಸರಳಿನಂಗ ಬಾಗೂದ ಇಲ್ಲ, ಗಟ್ಟು ತಂಬೂರಿ ತಂತಿಗತೆ ಟಣ್ ಅಂತದ. 28 ಪೌಂಡಿಗೆ ಬಿಗದಿದ್ರಂತ. ನಮ್ಮೊಳಗ ಒಬ್ರಿಗೂ "ಇದು ಐವತ್ತೆರಡು ವರ್ಷದ ಕೈಗೆ ಸರಿ ಅಲ್ಲ" ಅನ್ನೂ ಬುದ್ಧಿ ಬರ್ಲಿಲ್ಲ. ನನಗೂ ಬರ್ಲಿಲ್ಲ.

ಬರೇ ಬ್ಯಾಟಿನಿಂದನ ಮೊಳಕೈ ಹೋತು ಅಂತ ನಾ ಆಣಿ ಮಾಡಿ ಹೇಳೂದಿಲ್ಲ. ರೊಟ್ಟಿ ಬಡದ ಕೈ ಅದು, ಅರಿವಿ ಹಿಂಡಿದ ಕೈ, ಕೊಡ ಎತ್ತಿದ ಕೈ. ಆದ್ರ ಅಂಥಾ ಕೈಗೆ ಹಗರ ಆಗೂವಂಥಾ ಬ್ಯಾಟು ಹುಡುಕೂದು ಬಿಟ್ಟು, ಇಪ್ಪತ್ತು ವರ್ಷದ ಹುಡುಗ ಬಿಟ್ಟದ್ದನ್ನ ಪುಗಸಟ್ಟೆ ಸಿಕ್ತು ಅಂತ ಹಿಡದ್ವಿ. ನೋವು ಬಂದ ಮ್ಯಾಲೆ ಬ್ಯಾಟು ಬಿಡೂದು ಬಿಟ್ಟು ಆಟಾನ ಬಿಟ್ವಿ.

ಒಮ್ಮೆ ವಿಚಾರ ಮಾಡ್ರಿ. ಇಳಕಲ್ ಸೀರಿ ತಗೋಬೇಕಂದ್ರ ನಾಕು ಅಂಗಡಿ ಅಡ್ಡಾಡ್ತೀವಿ, ಸೆರಗು ಬಿಚ್ಚಿಸಿ ಬೆಳಕಿಗೆ ಹಿಡದು ನೋಡ್ತೀವಿ. ಬದನಿಕಾಯಿ ಸೈತ ಒಂದೊಂದು ಒತ್ತಿ ನೋಡಿನ ಬುಟ್ಟಿಗೆ ಹಾಕ್ತೀವಿ. ಬ್ಯಾಟಿನ ವಿಷಯಕ್ಕ ಬಂದ್ರ ಮಾತ್ರ ನಮ್ಮ ಬಾಯಿ ಕಟ್ಟತದ. ಗಂಡ ಬಿಟ್ಟದ್ದು, ಮಗ ಬಿಟ್ಟದ್ದು, ಮೈದುನ ಬಿಟ್ಟದ್ದು. ಇಲ್ಲಾಂದ್ರ ಬಜಾರದಾಗ ಎರಡು ಬ್ಯಾಟು ಮೂರು ಶಟಲ್ ಸೇರಿಸಿ ಒಂದ ಚೀಲದಾಗ ಮಾರ್ತಾರಲ್ಲ, ಆ ಉಕ್ಕಿನ ಜೋಡಿ. "ಟೈಂಪಾಸಿಗೆ ಆಡ್ತೀರಿ, ಇಷ್ಟ ಸಾಕು" ಅನ್ನೂ ಮಾತು ನಮ್ಮ ಮನ್ಯಾಗೂ ಕೇಳೇನಿ. ಹೇಳಿದವ್ರ ಹೆಸರು ಬರಿಯೂದಿಲ್ಲ, ರಾತ್ರಿ ಅವ್ರಿಗೆನ ಊಟಕ್ಕ ಹಾಕಬೇಕು.

ಈಗ ನಮ್ಮ ಆಟದ ರೀತಿ ಹೇಳ್ತೀನಿ, ಯಾಕಂದ್ರ ಅದ ಮುಖ್ಯ. ಕಾಲನಿ ಕೋರ್ಟು ಒಂದ, ಸಿಮೆಂಟಿಂದು. ಹೆಣ್ಣಮಕ್ಕಳಿಗೆ ಸಿಗೂದು ಸಂಜಿ ಐದೂವರಿಯಿಂದ ಆರೂಮುಕ್ಕಾಲು. ಐದೂವರಿಗೆ ಎಲ್ಲಾರೂ ಬರ್ತೀವೇನು? ಒಬ್ರ ಮನ್ಯಾಗ ಹಾಲು ಕಾಸೂದಿರ್ತದ, ಇನ್ನೊಬ್ರ ಮೊಮ್ಮಗ ಸಾಲಿಯಿಂದ ಬಂದಿರ್ತಾನ. ಮೊದಲ ಇಬ್ರ ಬರ್ತೀವಿ, ಆವಾಗ ಸಿಂಗಲ್ಸ್ ಆಡ್ತೀವಿ. ಆರಕ್ಕ ನಾಕು ಮಂದಿ ಆಗ್ತೀವಿ, ಆವಾಗ ಡಬಲ್ಸ್. ಕತ್ತಲಾಗೂ ಹೊತ್ತಿಗೆ ಒಬ್ಬೊಬ್ರ ಜಾಗಾ ಖಾಲಿ ಮಾಡ್ತಾರ, ಮತ್ತ ಇಬ್ರ ಉಳೀತೀವಿ. ಸಿಂಗಲ್ಸ್ ಆಡಾವ್ರು ಬ್ಯಾರೆ, ಡಬಲ್ಸ್ ಆಡಾವ್ರು ಬ್ಯಾರೆ ಅನ್ನೂ ಶ್ರೀಮಂತಿಕಿ ನಮ್ಮದಲ್ಲ. ಒಂದ ಕೈ, ಒಂದ ಸಂಜಿ, ಎರಡೂ ಆಟ.

ಇದನ್ನ ಅಂಗಡ್ಯಾಗ ಹೇಳಿದ್ದೆ. ಯಾ ಅಂಗಡಿ ಅಂತ ಕೇಳಬ್ಯಾಡ್ರಿ. ಆ ಮನುಷ್ಯಾ ಮೂಗಿನ ಮ್ಯಾಲಿನ ಚಷ್ಮಾ ಸರಿ ಮಾಡ್ಕೊಂಡು, "ಹಂಗಾದ್ರ ನಿಮಗ ಎರಡು ಬ್ಯಾಟು ಬೇಕಾಗ್ತಾವ ಮೇಡಂ. ಸಿಂಗಲ್ಸಿಗೆ ತಲಿ ವಜ್ಜ ಇದ್ದದ್ದು, ಡಬಲ್ಸಿಗೆ ತಲಿ ಹಗರ ಇದ್ದದ್ದು" ಅಂದ. ಮಗ್ಗಲಕ್ಕ ನಿಂತಿದ್ದ ನಮ್ಮ ಮಾಮಿಗೆ, "ನಿಮಗ ಲೇಡೀಸ್ ಬ್ಯಾಟು ಕೊಡ್ಲೇನ್ರಿ" ಅಂತ ಗುಲಾಬಿ ಬಣ್ಣದ್ದೊಂದು ತಗದ. ಆ ಗುಲಾಬಿ ಬ್ಯಾಟಿನ ತೂಕ ಎಷ್ಟು, ಹಿಡಿ ಎಷ್ಟು ದಪ್ಪ ಅಂತ ಕೇಳಿದ್ರ ಅವನಿಗೂ ಗೊತ್ತಿರ್ಲಿಲ್ಲ. ಲೇಡೀಸ್ ಅನ್ನೂದು ಬಣ್ಣದಾಗ ಅಷ್ಟ ಇತ್ತು.

ಎರಡು ಬ್ಯಾಟು ಬೇಕು ಅನ್ನೂದು ನಮ್ಮಂಥಾವ್ರಿಗೆ ಸುಳ್ಳು. ಯಾಕ ಸುಳ್ಳು ಅಂತ ಕೋರ್ಟಿನ ಗೆರಿಗಳ ಹೇಳ್ತಾವ. ಕೋರ್ಟಿನ ಉದ್ದ 13.40 ಮೀಟರ್, ಸಿಂಗಲ್ಸ್ ಇರ್ಲಿ ಡಬಲ್ಸ್ ಇರ್ಲಿ ಅಷ್ಟ. ಬ್ಯಾರೆ ಆಗೂದು ಅಗಲ. ಡಬಲ್ಸಿಗೆ 6.10 ಮೀಟರ್, ಸಿಂಗಲ್ಸಿಗೆ 5.18. ಅಂದ್ರ ಒಂದೊಂದು ಬಾಜೂಕ 46 ಸೆಂಟಿಮೀಟರ್, ಸೀರಿ ಅಳಿಯೂ ಒಂದು ಮೊಳ. ಡಬಲ್ಸಿನ್ಯಾಗ ಸರ್ವಿಸ್ ಮಾಡೂವಾಗ ಅಷ್ಟ ಹಿಂದಿನ ಗೆರಿ 76 ಸೆಂಟಿಮೀಟರ್ ಒಳಗ ಬರ್ತದ. ಸರ್ವಿಸ್ ಮುಗದು ಆಟ ಸುರು ಆದ್ರ ಕಡೀ ಗೆರಿನ ಲೆಕ್ಕ. ಹಿಂದಿನ ಗೆರಿಯಿಂದ ಹಿಂದಿನ ಗೆರಿಗೆ ಶಟಲ್ ಮುಟ್ಟಸೂ ಕೆಲಸ ಎರಡೂ ಆಟದಾಗ ಒಂದ. ನೆಟ್ಟಿನ ಎತ್ತರಾನೂ ಒಂದ, ನಡು ಮಧ್ಯ 1.524 ಮೀಟರ್. ಹಂಗಿದ್ದ ಮ್ಯಾಲೆ ಒಂದಕ್ಕ ಒಂಟಿ, ಇನ್ನೊಂದಕ್ಕ ಕುದುರಿ ಯಾಕ ಬೇಕು?

ಅಂಗಡಿಯವನ ಮಾತಿನ್ಯಾಗ ಖರೇ ಇಲ್ಲ ಅಂತ ಅಲ್ಲ, ಅರ್ಧಾ ಖರೇ ಅದ. ತಲಿ ವಜ್ಜ ಇದ್ದ ಬ್ಯಾಟಿಗೆ ಹೊಡತ ಜೋರ, ಶಟಲ್ ದೂರ ಹೋಗ್ತದ. ಸಿಂಗಲ್ಸಿನ್ಯಾಗ ಎದರಿನವ್ರನ್ನ ಹಿಂದ ಓಡಸೂದಿರ್ತದ, ಅದಕ್ಕ ಛೊಲೋ. ತಲಿ ಹಗರ ಇದ್ದದ್ದು ಲಗೂ ತಿರಗತದ. ಡಬಲ್ಸಿನ್ಯಾಗ ಎದಿಗೆ ನೇರ ಬರೂ ಶಟಲ್ ತಡಿಯೂದು, ನೆಟ್ಟಿನ ಹಂತೇಕ ಟಪ್ ಅಂತ ಒತ್ತೂದು, ಅದಕ್ಕ ಛೊಲೋ. ಆದ್ರ ಡಬಲ್ಸಿನ್ಯಾಗೂ ಒಬ್ರು ಮುಂದ ಇರ್ತಾರ, ಒಬ್ರು ಹಿಂದ ನಿಂತು ಬಡೀತಾರ, ಎರಡು ನಿಮಿಷಕ್ಕ ಅದಲಿ ಬದಲಿ ಆಗ್ತಾರ. ಕೊಡಗಿನ ಮನೆತನದ ನಮ್ಮ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾ ಜೋಡಿ ಸೇರಿ 2011ರಾಗ ಲಂಡನ್ನಿನ್ಯಾಗ ವಿಶ್ವ ಚಾಂಪಿಯನ್‌ಶಿಪ್ಪಿನ ಕಂಚು ತಂದ್ರಲ್ಲ, ಆ ಜೋಡಿ ಆಟ ನೋಡಿದವ್ರಿಗೆ ಗೊತ್ತು. ಅಶ್ವಿನಿ ಹಿಂದಿನಿಂದ ಸ್ಮ್ಯಾಶ್ ಹೊಡದ್ರ ಗಂಡಮಕ್ಕಳ ಹುಬ್ಬು ಮ್ಯಾಲೆ ಹೋಗ್ತಿದ್ದುವು. ಡಬಲ್ಸ್ ಅಂದ ಕೂಡಲೇ ಬರೇ ಹಗರ ಕೈ, ಸಿಂಗಲ್ಸ್ ಅಂದ ಕೂಡಲೇ ಬರೇ ಜೋರ ಕೈ ಅಂತ ಪಾಲು ಮಾಡ್ಲಿಕ್ಕೆ ಆಗೂದಿಲ್ಲ.

ಇನ್ನೊಂದು ಹೆಸರು ಹೇಳ್ಬೇಕು. ಜೂಡಿ ಡೆವ್ಲಿನ್, ಮದಿವಿ ಆದ ಮ್ಯಾಲೆ ಜೂಡಿ ಹ್ಯಾಶ್‌ಮನ್. 1954ರಿಂದ 1967ರೊಳಗ ಆಲ್ ಇಂಗ್ಲೆಂಡ್ ಸಿಂಗಲ್ಸ್ ಹತ್ತು ಸಲ ಗೆದ್ದಾಕಿ. ಅದ ಪಂದ್ಯದಾಗ ತನ್ನ ಅಕ್ಕತಂಗ್ಯಾರ ಜೋಡಿ ಡಬಲ್ಸೂ ಗೆದ್ದಾಳ. ಆವಾಗಿನ ಬ್ಯಾಟು ಕಟ್ಟಿಗಿ ಚೌಕಟ್ಟಿಂದು. ನಾವು ಆ ಮಟ್ಟದವ್ರಲ್ಲ, ಗೊತ್ತದ. ಆದ್ರ ಎರಡೂ ಆಟ ಆಡೂದು ಏನೋ ಹುಚ್ಚು ಆಶಾ ಅನ್ನೂವಂಗ ಆ ಅಂಗಡಿಯವ ನಮ್ಮನ್ನ ನೋಡಿದ್ದಕ್ಕ ಇದನ್ನ ಹೇಳಿದೆ. ಅಷ್ಟಕ್ಕೂ ಈ ಆಟಕ್ಕ ಮೊದಲ ಮೊದಲ ಪೂನಾ ಅಂತನ ಹೆಸರಿತ್ತು, 1870ರ ಸುಮಾರಿಗೆ ಪುಣೆದಾಗ ಬ್ರಿಟಿಷ್ ಅಧಿಕಾರಿಗಳು ಇದರ ನಿಯಮ ಕಟ್ಟಿದ್ರು. ನಮ್ಮರ್ಧಾ ಬೀಗರು ಇರೂ ಊರು ಅದು. ಯಾರೂ ನಮಗ ಇದನ್ನ ದಯಾ ಮಾಡಿ ಆಡಸಲಿಕ್ಕೆ ಹತ್ತಿಲ್ಲ.

ಹಂಗಾದ್ರ ಎಂಥಾದ್ದು ತಗೋಬೇಕು? ನಾ ಹೇಳೂದು ಇಷ್ಟ: ತಲಿನೂ ವಜ್ಜ ಅಲ್ಲದ, ಹಿಡಿನೂ ವಜ್ಜ ಅಲ್ಲದ ನಡುವಿಂದು. ತೂಕ ಹಗರ. ದಂಡು ಸ್ವಲ್ಪ ಬಾಗೂವಂಥಾದ್ದು. ಹಿಡಿ ತೆಳ್ಳಗಿಂದು. ಗಟ್ಟು ಸಡ್ಲ. ಐದೂ ಮಾತಿಗೆ ಕಾರಣ ಅದ, ಆದ್ರ ಗಟ್ಟಿನ ಮಾತು ಎಲ್ಲಕ್ಕಿಂತ ದೊಡ್ಡದು, ಅದನ್ನ ಕಡೀಕ ಇಟ್ಟೀನಿ.

ತೂಕದ ಲೆಕ್ಕ ಉಲ್ಟಾ ಇರ್ತದ, ಅಲ್ಲೇ ನಮ್ಮನ್ನ ಯಾಮಾರಸ್ತಾರ. ದಂಡಿನ ಬುಡದಾಗ 3ಯು, 4ಯು, 5ಯು ಅಂತ ಸಣ್ಣ ಅಕ್ಷರದಾಗ ಬರದಿರ್ತಾರ. ಅಂಕಿ ದೊಡ್ಡದಾದಂಗ ಬ್ಯಾಟು ಹಗರ. 3ಯು ಅಂದ್ರ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79. ಗಟ್ಟು, ಗ್ರಿಪ್ಪು ಸೇರಿದ್ರ ಇನ್ನಷ್ಟು ಗ್ರಾಂ ಏರ್ತದ. ಐದು ಗ್ರಾಮಿನ ಫರಕು ಏನು ಮಹಾ ಅಂತ ನಾನೂ ಅಂದಿದ್ದೆ. ಒಂದು ಚಮಚ ಸಕ್ರಿ. ಆದ್ರ ಆ ಒಂದು ಚಮಚ ಸಕ್ರಿ ಮೊಳಕೈಯಿಂದ ಎರಡೂವರಿ ಅಡಿ ದೂರ, ಕೋಲಿನ ತುದಿಗೆ ಕೂತಿರ್ತದ, ಒಂದು ಸಂಜ್ಯಾಗ ಮುನ್ನೂರು ನಾನೂರು ಸಲ ಅದನ್ನ ಬೀಸಿ ನಿಲ್ಲಸಬೇಕು. ಹೊಡ್ಯೂದಾದ್ರೂ ಏನನ್ನ? ಹದಿನಾರು ಗರಿ ಸಿಗಸಿದ ಶಟಲ್ ತೂಗೂದು ಹೆಚ್ಚಂದ್ರ ಐದೂವರಿ ಗ್ರಾಂ. ಅದಕ್ಕ ಒನಕಿ ಬೇಕಾಗಿಲ್ಲ. ನಮ್ಮಂಥಾವ್ರು 4ಯು ಇಲ್ಲಾ 5ಯು ಬಿಟ್ಟು ಬ್ಯಾರೆ ಕಡೆ ಹೋಗೂದು ಬ್ಯಾಡ. ಜೋಡಿ ಚೀಲದಾಗ ಬರೂ ಉಕ್ಕಿನ ಬ್ಯಾಟಂತೂ ಇವೆಲ್ಲಾದಕ್ಕಿಂತ ವಜ್ಜ, ತಲಿ ಬ್ಯಾರೆ ದಂಡು ಬ್ಯಾರೆ ಇದ್ದು ನಡುವ ಜೋಡಸಿರ್ತಾರ. ಹುಡುಗರು ಅಂಗಳದಾಗ ಆಡ್ಲಿ, ಅಡ್ಡಿಯಿಲ್ಲ.

ತಲಿ ವಜ್ಜೋ ನಡುವೋ ಅಂತ ನೋಡ್ಲಿಕ್ಕೆ ಅಂಗಡಿಯವನ ಬಾಯಿ ಬ್ಯಾಡ, ಲಟ್ಟಣಗಿ ಸಾಕು. ಖರೇನ ಹೇಳ್ತೀನಿ, ನಾ ಮಾಡಿ ನೋಡೇನಿ. ಟೇಬಲ್ ಮ್ಯಾಲೆ ಲಟ್ಟಣಗಿ ಇಡ್ರಿ, ಉರುಳಬಾರದು ಅಂತ ಎರಡೂ ಮಗ್ಗಲಕ್ಕ ಬ್ಯಾಳಿ ಪಾಕೀಟು ಒತ್ತರಿ. ಗಟ್ಟು ಹಾಕಿ ಗ್ರಿಪ್ ಸುತ್ತಿದ ಬ್ಯಾಟನ್ನ ಅದರ ಮ್ಯಾಲೆ ಅಡ್ಡ ಇಟ್ಟು, ತಕ್ಕಡಿಗತೆ ಸಮ ನಿಲ್ಲೂ ಜಾಗಾ ಹುಡುಕರಿ. ಆ ಜಾಗಾದಿಂದ ಹಿಡಿ ಬುಡದ ತನಕ ಬ್ಲೌಸ್ ಅಳತಿ ಟೇಪಿಲೆ ಅಳೀರಿ. ಸುಮಾರು 28.5ರಿಂದ 29.5 ಸೆಂಟಿಮೀಟರ್ ಒಳಗ ಬಂದ್ರ ಅದು ನಡುವಿನ ಬ್ಯಾಟು. 30ರ ಕಡೆ ಹೋದ್ರ ತಲಿ ವಜ್ಜ. 28ಕ್ಕ ಇಳದ್ರ ತಲಿ ಹಗರ. ವೈನಿ ಮಗನ ಬ್ಯಾಟು ಎಷ್ಟು ಬಂತು ಗೊತ್ತೇನು? 30.5. ನಾ ಎರಡು ಸಲ ಅಳದೆ.

ಇಲ್ಲೇ ಒಂದು ಗಮ್ಮತ್ತಿನ ಮಾತದ. ಎರಡು ಬ್ಯಾಟು ಮಾರೂ ಅಂಗಡಿಯವರು ಇದನ್ನ ಹೇಳೂದಿಲ್ಲ. ಹಿಡಿಗೆ ಮ್ಯಾಲಿಂದ ಸುತ್ತೂ ತೆಳ್ಳನ ಗ್ರಿಪ್ ಇರ್ತದಲ್ಲ, ಅದರ ತೂಕ ಸುಮಾರು ಐದು ಗ್ರಾಂ. ಅದನ್ನ ಸುತ್ತಿದ್ರ ತೂಕ ಹಿಡಿ ಕಡೆ ಬೀಳ್ತದ, ತಲಿ ಹಗರಾದಂಗ ಆಗ್ತದ. ಲಟ್ಟಣಗಿ ಮ್ಯಾಲೆ ಇಟ್ಟು ನೋಡಿದ್ರ ಸಮ ನಿಲ್ಲೂ ಜಾಗಾ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಕೆಳಗ ಸರದಿರ್ತದ. ಬಿಚ್ಚಿದ್ರ ಮತ್ತ ತಲಿ ಕಡೆ. ಅಂದ್ರ ಡಬಲ್ಸ್ ಹೆಚ್ಚು ಆಡೂ ದಿವಸದಾಗ ಒಂದು ಸುತ್ತು ಹೆಚ್ಚು, ಸಿಂಗಲ್ಸ್ ಹೆಚ್ಚಿದ್ರ ಒಂದು ಸುತ್ತು ಕಡಿಮಿ. ಇದಕ್ಕ ಹಿಡಿ ಮೊದಲ ತೆಳ್ಳಗಿರಬೇಕು, ಇಲ್ಲಾಂದ್ರ ಸುತ್ತಿ ಸುತ್ತಿ ಸೌತಿಕಾಯಿ ಆಗ್ತದ. ಯೋನೆಕ್ಸಿನ ಬ್ಯಾಟಿನ ಮ್ಯಾಲೆ ಜಿ4, ಜಿ5 ಅಂತ ಇರ್ತದ, ಅಲ್ಲಿನೂ ಅಂಕಿ ದೊಡ್ಡದಾದಂಗ ಹಿಡಿ ತೆಳ್ಳಗ. ಬ್ಯಾರೆ ಕಂಪನಿಯವ್ರ ಲೆಕ್ಕ ಬ್ಯಾರೆ ಇರಬಹುದು, ಕೈಯಾಗ ಹಿಡದ ನೋಡ್ರಿ. ನಮ್ಮ ಬೊಟ್ಟು ಸಣ್ಣವು. ದಪ್ಪ ಹಿಡಿ ಇದ್ರ ಅದು ಜಾರಬಾರದು ಅಂತ ನಾವು ಗಟ್ಟಿ ಅಮಕ್ತೀವಿ, ಅಮಕಿದಷ್ಟು ಮೊಳಕೈಗೆ ತ್ರಾಸು. ಹಿಡಿ ಹೆಂಗ ಹಿಡೀಬೇಕಂದ್ರ ತೊಟ್ಟಿಲದಾಗಿನ ಕೂಸಿನ ಕೈ ಹಿಡದಂಗ ಹಿಡೀಬೇಕು, ಹೊಡಿಯೂ ಗಳಿಗ್ಯಾಗ ಅಷ್ಟ ಬಿಗಿ.

ದಂಡಿನ ಮಾತು ಸಣ್ಣದು. ಬಾಗದ ದಂಡು ಜೋರಾಗಿ ಬೀಸೂ ಕೈಗೆ, ಬಾಗೂ ದಂಡು ಸಾವಕಾಶ ಬೀಸೂ ಕೈಗೆ. ಸಾವಕಾಶ ಬೀಸಿದ್ರೂ ದಂಡು ಸ್ವಲ್ಪ ಬಾಗಿ ತಿರಗಿ ನೆಟ್ಟಗಾಗೂ ಮುಂದ ಶಟಲ್ಲಿಗೆ ಒಂದಿಷ್ಟು ನೂಕು ಕೊಡ್ತದ. ಬ್ಯಾಟಿನ ಮ್ಯಾಲೆ ಸ್ಟಿಫ್, ಮೀಡಿಯಂ, ಫ್ಲೆಕ್ಸಿಬಲ್ ಅಂತ ಬರದಿರ್ತಾರ. ಮೀಡಿಯಂ ತಗೋರಿ. ಹೊಸದಾಗಿ ಸುರು ಮಾಡೂವ್ರು ಫ್ಲೆಕ್ಸಿಬಲ್ ತಗೋರಿ. ಸ್ಟಿಫ್ ಇದ್ದದ್ದನ್ನ ಮಗಗ ತಿರಗಿ ಕೊಡ್ರಿ.

ಈಗ ಗಟ್ಟು. ನಮ್ಮ ಗುಂಪಿನ್ಯಾಗ ಎಂಟು ಬ್ಯಾಟವ. ನಿಮ್ಮ ಗಟ್ಟು ಎಷ್ಟು ಪೌಂಡ್ ಅಂತ ಕೇಳಿದ್ರ ಒಬ್ರಿಗೂ ಗೊತ್ತಿಲ್ಲ. ಬ್ಯಾಟಿಗೆ ನಾಕು ಸಾವಿರ ಕೊಟ್ಟವ್ರು ಗಟ್ಟಿಗೆ ನಾಕುನೂರು ಕೊಡ್ಲಿಕ್ಕೆ ಹಿಂದ ಮುಂದ ನೋಡ್ತಾರ. ಶಟಲ್ ಬಡಿಯೂದು ಚೌಕಟ್ಟಿಗೆ ಅಲ್ಲವ್ವಾ, ಗಟ್ಟಿಗೆ! ಹೊರಸು ನೆನಪಿಗೆ ತಂದುಕೊಳ್ರಿ. ಅಜ್ಜಿ ಮನೀ ಹಿತ್ತಲದಾಗ ಇದ್ದ ಹೊರಸಿನ ಮ್ಯಾಲೆ ನಾವು ಸಣ್ಣವ್ರಿದ್ದಾಗ ಜಿಗೀತಿದ್ವಿ. ನುಲಿ ಸಡ್ಲಿದ್ರ ಒಳಗ ಇಳದು ಮ್ಯಾಲೆ ಹಾರಸ್ತಿತ್ತು. ಹೊಸದಾಗಿ ಬಿಗದ ದಿವಸ ಹಾರಿದ್ರ ಕಾಲು ಝುಂ ಅಂತಿತ್ತು, ಮ್ಯಾಲೆ ಮಾತ್ರ ಅಷ್ಟು ಹಾರತಿರ್ಲಿಲ್ಲ. ಗಟ್ಟೂ ಹಂಗ. ಸಡ್ಲ ಗಟ್ಟು ಶಟಲ್ಲನ್ನ ತಾನ ದೂಡ್ತದ. ಬಿಗಿ ಗಟ್ಟು ನೀವು ಕೊಟ್ಟಷ್ಟ ತಿರಗಿ ಕೊಡ್ತದ, ನಡುವ ತಾಗದ ಸ್ವಲ್ಪ ಆಚೀಕ ತಾಗಿದ್ರ ಝಟಕಾ ಸೀದಾ ಕೈಗೆ ಬರ್ತದ. 28 ಪೌಂಡು ದಿನಾ ಮೂರು ತಾಸು ಪ್ರಾಕ್ಟೀಸು ಮಾಡೂ ಹುಡುಗರಿಗೆ. ಅವ್ರಿಗೆ ಜೋರು ತಮ್ಮ ಕೈಯಾಗ ಅದ, ಗಟ್ಟಿನಿಂದ ಅವ್ರಿಗೆ ಬೇಕಾದದ್ದು ಹೇಳಿದಲ್ಲೇ ಹಾಕೂ ನಿಖರ. ನಮಗ 20ರಿಂದ 23 ಪೌಂಡು ಸಾಕೋ ಸಾಕು. ಹಿಂದಿನ ಗೆರಿಗೆ ಶಟಲ್ ಮುಟ್ಟೂದಿಲ್ಲ ಅಂತ ತಲಿ ವಜ್ಜ ಬ್ಯಾಟು ಹುಡುಕೂವ್ರು, ಮೊದಲ ಗಟ್ಟು ನಾಕು ಪೌಂಡು ಸಡ್ಲ ಹಾಕಿಸಿ ನೋಡ್ರಿ. ಬ್ಯಾಟು ಬದ್ಲಿ ಮಾಡೂ ಜರೂರ ಬೀಳೂದಿಲ್ಲ.

ಗಟ್ಟಿನ ದಪ್ಪಾನೂ ಕೇಳ್ರಿ. 0.70 ಮಿಲಿಮೀಟರಿಂದು, ಬಿಜಿ65 ಅಂತ ಹಳೇ ನಂಬಿಗಸ್ತ ಗಟ್ಟು, ತಿಂಗಳಾನುಗಟ್ಲೆ ಬಾಳಿಕಿ ಬರ್ತದ. 0.63, 0.65ದವು ಸಪ್ಪಳ ಛಂದ, ಪುಟಿತಾನೂ ಛೊಲೋ, ಆದ್ರ ಲಗೂ ಹರೀತಾವ. ಸಿಮೆಂಟಿನ ಮ್ಯಾಲೆ ಪ್ಲಾಸ್ಟಿಕ್ ಶಟಲ್ಲಿಲೆ ಆಡೂ ನಮಗ ದಪ್ಪಂದ ಲಾಭ. ಇನ್ನೊಂದು, ಗಟ್ಟು ಹರೀಲಿಲ್ಲ ಅಂದ ಕೂಡಲೇ ಛೊಲೋ ಅದ ಅಂತ ಅಲ್ಲ. ಮೂಲ್ಯಾಗ ನಿಂತಲ್ಲೇ ಬಿಗಿ ಹೋಗ್ತದ, ಸತ್ತ ಗಟ್ಟಿಲೆ ಹೊಡದ್ರ ತಪ್ಪಡಿ ಬಾರಿಸಿದಂಗ ಆಗ್ತದ. ವಾರದಾಗ ಎಷ್ಟು ದಿವಸ ಆಡ್ತೀರೋ ವರ್ಷದಾಗ ಅಷ್ಟು ಸಲ ಗಟ್ಟು ಬದಲಸಬೇಕು ಅಂತ ಆಡೂವ್ರ ಮಾತದ. ನಾವು ಅಷ್ಟು ಬ್ಯಾಡ, ವರ್ಷಕ್ಕ ಎರಡು ಸಲ ಮಾಡಿದ್ರೂ ದೊಡ್ಡದಾತು. ನನ್ನ ಬ್ಯಾಟಿನ ಗಟ್ಟು ಮೂರು ವರ್ಷದ್ದಿತ್ತು. ಬದಲಿಸಿದ ದಿವಸ ಮಾಮಿ, "ಹೊಸಾ ಬ್ಯಾಟೇನ?" ಅಂದ್ರು.

ಇದಕ್ಕ ಎದರ ಮಾತು ಬರ್ತಾವ, ಬಂದಾವ ಸೈತ. ನಮ್ಮ ತಂಗಿ ಮಗಳು ಜಿಲ್ಲಾ ಮಟ್ಟದಾಗ ಸಿಂಗಲ್ಸ್ ಆಡ್ತಾಳ. ಅಕಿ ಫೋನಿನ್ಯಾಗ, "ಮೌಶಿ, ನಡುವಿನ ಬ್ಯಾಟು ಅಂದ್ರ ಎರಡೂ ಕಡೆ ಅರ್ಧಾ ಅರ್ಧಾ. ಸಿಂಗಲ್ಸಿಗೂ ಪೂರಾ ಅಲ್ಲ, ಡಬಲ್ಸಿಗೂ ಪೂರಾ ಅಲ್ಲ" ಅಂದ್ಲು. ಅಕಿ ಹೇಳಿದ್ದು ಅಕಿ ಮಟ್ಟಿಗೆ ಖರೇ ಅದ. ಇಪ್ಪತ್ತು ವರ್ಷದ ಹುಡುಗಿ, ಒಂದ ಆಟಕ್ಕ ಪ್ರಾಕ್ಟೀಸು ಮಾಡಾಕಿ, ಕೋಚ್ ನೋಡ್ತಾನ. ಅಕಿ ತಲಿ ವಜ್ಜಂದು ತಗೊಳ್ಳಿ, ಎರಡು ತಗೊಳ್ಳಿ, ಮೂರು ತಗೊಳ್ಳಿ, ನಾ ಅಡ್ಡ ಬರೂದಿಲ್ಲ. ಆದ್ರ ನಮ್ಮ ಸಿಂಗಲ್ಸಿನ್ಯಾಗ ಪಾಯಿಂಟು ಹೋಗೂದು ಬ್ಯಾಟಿನ ಎರಡು ಗ್ರಾಮಿಗೆ ಅಲ್ಲ. ಕಾಲು ಹಿಂದ ಸರಿಯೂದಿಲ್ಲ, ಅದಕ್ಕ ಹೋಗ್ತದ. ಶಟಲ್ ತಲಿ ದಾಟಿ ಹಿಂದ ಹೋದ ಮ್ಯಾಲೆ ಕುತ್ತಿಗಿ ತಿರಗಿಸಿ ಬೀಸ್ತೀವಿ. ಯಾ ಬ್ಯಾಟೂ ಅದನ್ನ ಸರಿ ಮಾಡೂದಿಲ್ಲ. ಹಂಗ ಬೀಸೂ ಹೊತ್ತಿನ್ಯಾಗ ಕೈಯಾಗ ವಜ್ಜ ಬ್ಯಾಟು ಇದ್ರ ಪಾಯಿಂಟಿನ ಜೋಡಿ ಭುಜಾನೂ ಹೋಗ್ತದ.

ಗಂಡಮಕ್ಕಳ ಎದರ ಮಾತು ಬ್ಯಾರೆ ತರಹದ್ದು. "ಆಡೂದು ವಾರಕ್ಕ ನಾಕು ದಿವಸ, ಅದಕ್ಕ ಮೂರೂ ನಾಕು ಸಾವಿರ ಹಾಕೂದೇನು." ಇದಕ್ಕ ನಾ ಮನೀ ಖರ್ಚಿನ ವಹಿ ತಗದು ತೋರಿಸಿದೆ. ವೈನಿ ಮೊಳಕೈಗೆ ಡಾಕ್ಟರ್ ಫೀ, ಗುಳಿಗಿ, ಪಟ್ಟಿ, ಹತ್ತು ದಿವಸದ ಫಿಸಿಯೋಥೆರಪಿ, ಓಡಾಡೂ ಆಟೋ. ಬ್ಯಾಟು, ಗಟ್ಟು, ಗ್ರಿಪ್ ಸೇರಿಸಿದ್ರೂ ಅದರ ಅರ್ಧಕ್ಕ ಬರ್ತದ. ಪುಗಸಟ್ಟೆ ಬ್ಯಾಟು ನಮ್ಮ ಅಣ್ಣಗ ಎಷ್ಟು ತುಟ್ಟಿ ಆತು ಅಂತ ಅಂವ ಈಗ ಲೆಕ್ಕ ಹಾಕ್ಲಿಕ್ಕೆ ಹತ್ಯಾನ. ಇನ್ನ ವಾರಕ್ಕ ನಾಕು ದಿವಸ ಅಂದ್ರ ಕಡಿಮಿ ಅಂತ ಯಾರು ಹೇಳಿದವ್ರು? ಆ ನಾಕು ದಿವಸದ ಒಂದೊಂದು ತಾಸು ವೈನಿ ಮನೀ ಹೊರಗ, ಯಾರಿಗೂ ಚಹಾ ಕೊಡದ, ಯಾರೂ ಕರೀದ ಇರೂ ತಾಸು. ಅತ್ತಿಯವ್ರು ತೀರಕೊಂಡ ವರ್ಷ ಅವ್ರು ಯಾರ ಜೋಡಿನೂ ಮಾತಾಡ್ತಿರ್ಲಿಲ್ಲ. ಕೋರ್ಟಿಗೆ ಎಳಕೊಂಡು ಬಂದಾಕಿ ನಾನ. ಮೊದಲ ಸಲ ಪಾಯಿಂಟು ತಗೊಂಡಾಗ ಸೆರಗು ನಡುವಿಗೆ ಸಿಗಿಸಿ ಒದರಿದ್ರಲ್ಲ, ಆ ಒದರಾಟ ಕೇಳಿ ಮ್ಯಾಲಿನ ಮಜಲಿಯವ್ರು ಖಿಡಕಿ ತಗದು ನೋಡಿದ್ರು. ಅಂಥಾ ಒಂದು ತಾಸನ್ನ ಮಗ ಬಿಟ್ಟ ಬ್ಯಾಟಿನ ಸಲುವಾಗಿ ಬಿಟ್ಟುಕೊಡೂದು ನನಗ ಒಪ್ಪಿಗಿ ಇಲ್ಲ.

ನಮ್ಮದೂ ತಪ್ಪದ, ಅದನ್ನೂ ಹೇಳಿಬಿಡ್ತೀನಿ. ಮನ್ಯಾಗಿನ ಪ್ರತಿಯೊಬ್ರ ಬೂಟಿನ ಸೈಜು ನಮಗ ಬಾಯಿಪಾಠ ಇರ್ತದ, ನಮ್ಮ ಕೈಗೆ ಯಾ ಹಿಡಿ ಸರಿ ಅಂತ ಗೊತ್ತಿರೂದಿಲ್ಲ. ಹಳೇದನ್ನ ಹಿಡಿಯೂದು ಉಳಿತಾಯ, ಸಂಸಾರಸ್ಥರ ಲಕ್ಷಣ ಅಂತ ನಮಗ ಕಲಿಸ್ಯಾರ. ಹಳೇ ಪಾತೇಲಿಗೆ ಕಲಾಯಿ ಹಾಕಿಸಿ ಉಪಯೋಗಸೂದು ಉಳಿತಾಯ, ಹ್ವಾದು. ಆದ್ರ ಮಂದಿ ಅಳತಿಗೆ ಮಾಡಿದ ಚಪ್ಪಲಿ ಹಾಕ್ಕೊಂಡು ಬೆಟ್ಟ ಹತ್ತೂದಕ್ಕ ಉಳಿತಾಯ ಅನ್ನೂದಿಲ್ಲ. ಬ್ಯಾಟಿಗೆ ರೊಕ್ಕ ಕೇಳ್ರಿ. ಕೇಳ್ಲಿಕ್ಕೆ ಸಂಕೋಚ ಆದ್ರ ನಿಮ್ಮ ಡಬ್ಬಿ ರೊಕ್ಕದಾಗ ತಗೋರಿ, ಆದ್ರ ಅಂಗಡಿಗೆ ನೀವ ಹೋಗ್ರಿ. ಗಂಡನ್ನೋ ಮಗನ್ನೋ ಕಳಿಸಿದ್ರ ಅವ್ರು ತಮ್ಮ ಕೈಗೆ ಛೊಲೋ ಅನಸಿದ್ದನ್ನ ತರ್ತಾರ. ಪಾಪ, ಅವ್ರ ಕಡೆ ಇರೂದು ಅವ್ರ ಕೈ ಅಷ್ಟ. ಅಂಗಡ್ಯಾಗ ನಾಕು ಬ್ಯಾಟು ಹಿಡದು ಗಾಳ್ಯಾಗ ಬೀಸರಿ, ಹತ್ತು ಸಲ ಮುಂದ, ಹತ್ತು ಸಲ ಹಿಂಗೈಲೆ. ಹತ್ತನೇದಕ್ಕ ಮುಂಗೈ ಭಾರ ಅನಸಿದ್ರ ಅದನ್ನ ಅಲ್ಲೇ ಇಡ್ರಿ. ಯಾರರೆ ನಕ್ರ ನಗಲಿ.

ವೈನಿಗೆ ಡಾಕ್ಟ್ರು ಇನ್ನೂ ಮೂರು ವಾರ ಬ್ಯಾಡ ಅಂದಾರ. ಅದನ್ನ ಮೀರಸೂದಿಲ್ಲ, ಮೊಳಕೈ ನೋವಿನ್ಯಾಗ ಆಡಿ ಬಹಾದ್ದೂರಿ ತೋರಸೂದು ಬ್ಯಾಡ. ಅಷ್ಟರಾಗ ನಾನೂ ಮಾಮಿನೂ ಸೇರಿ ಹುಬ್ಬಳ್ಳಿಗೆ ಹೋಗಿ ಬಂದ್ವಿ. 5ಯು, ನಡುವಿಂದು, ದಂಡು ಮೀಡಿಯಂ, ಹಿಡಿ ಜಿ5. 21 ಪೌಂಡಿಗೆ ಬಿಜಿ65 ಹಾಕಿಸೇವಿ. ಅಂಗಡಿ ಹುಡುಗ, "ಇಷ್ಟು ಸಡ್ಲ ಯಾಕ್ರಿ ಅಮ್ಮಾ, 24 ಹಾಕ್ಲೇನು" ಅಂದ. ಮಾಮಿ, "ನಾವು ಹೇಳಿದಷ್ಟ ಹಾಕಪಾ" ಅಂದ್ರು. ಬಣ್ಣ ಕರೇದು, ಗುಲಾಬಿ ಅಲ್ಲ. ಮನೀಗೆ ಬಂದು ಲಟ್ಟಣಗಿ ಮ್ಯಾಲೆ ಇಟ್ಟು ನೋಡಿದ್ವಿ, 29 ಬಂತು.

ಬ್ಯಾಟು ಸದ್ಯಕ್ಕ ನಮ್ಮ ಟ್ರೆಝರಿ ಮ್ಯಾಲದ. ವೈನಿಗೆ ಇನ್ನೂ ಹೇಳಿಲ್ಲ. ಈ ಬರಹ ಅವ್ರೂ ಓದ್ತಾರಂತ ಗೊತ್ತದ, ಓದಿದ ಮ್ಯಾಲೆ ಫೋನ್ ಮಾಡಿ "ಯಾಕ ರೊಕ್ಕ ಹಾಳ ಮಾಡಿದಿ" ಅಂತ ಬೈತಾರಂತನೂ ಗೊತ್ತದ. ವೈನಿ, ಬೈಯೂದಿದ್ರ ಐದೂವರಿಗೆ ಕೋರ್ಟಿಗೆ ಬಂದು ಕಟ್ಟಿ ಮ್ಯಾಲೆ ಕೂತು ಬೈರಿ. ಹಳೇದನ್ನ ಮಗನ ಕೋಲಿಗೆ ಇಟ್ಟು ಬರ್ರಿ.